ಕಪ್-ಬಶಿ

ಝ ಬರಿಯೂದು ಸುಲಭ ಅಲ್ಲ ನೋಡ್ರಿ.
ಹೊಟ್ಟಿ ಒಂದ ಕಡೆ, ಬಾಲ ಒಂದ ಕಡೆ,
ನಡುವ ಕುಂಚ ಎತ್ತಿದರ ಅಕ್ಷರ ಮುರೀತದ.
ತಾತ್ಯಾಬಾ ಝುರಂಗೆ ಅಂತ ನಾ ಮೊದಲ ಬರದದ್ದು
ಗ್ವಾಡಿ ಮ್ಯಾಲಲ್ಲ, ಅಂಜೂರದ ಪೆಟ್ಟಿಗಿ ಮ್ಯಾಲೆ,
ತಗಡಿನಾಗ ಕೊರದ ಅಚ್ಚು ಇಟ್ಟು, ನೀಲಿ ಬಣ್ಣ ತಟ್ಟಿ,
ಸಾಸವಡದ ಬಸ್ ನಿಲ್ದಾಣದ ಹಿಂದ, ನೆಳ್ಳಾಗ ಕುಂತು.

ಇಂಡಿಯಿಂದ ಬಂದಾಂವ ನಾ. ಮರಾಠಿ
ಕೈಗೆ ಮೊದಲ ಬಂತು, ಬಾಯಿಗೆ ಆಮ್ಯಾಲೆ.
ಅಂವ ನನ್ನ ಕೂಡ ಅರ್ಧ ಕನ್ನಡ ಮಾತಾಡತಿದ್ದ,
ತಾಯಿ ತವರು ಅಕ್ಕಲಕೋಟ ಕಡೆ.
ಕೈ ತೋರಸಿದ. ಅಂಜೂರದ ಹಾಲು ಹತ್ತಿ
ಬೆರಳ ಸಂದಿ ಸುಲಿದು ಕೆಂಪಾಗಿತ್ತು.
"ಪೆಟ್ಟಿಗಿಗೆ ಹನ್ನೆರಡು ರೂಪಾಯಿ ದಲಾಲಿ, ಮೂರು ಹಮಾಲಿ,
ತೂಕದಾಗ ಅರ್ಧ ಕಿಲೋ ಗಾಳಿಗೆ.
ಈ ತುರಿಕಿಗೆ ಯಾರು ಕೊಡತಾರ?"
ಅದ ಅವನ ಮೊದಲ ಭಾಷಣ. ಕೇಳಿದಾಂವ ನಾ ಒಬ್ಬನ,
ಮತ್ತ ಒಂದು ನಾಯಿ.

ಆ ಚಳಿಗಾಲ ಹದಿನಾಲ್ಕು ಮಂದಿ ಕೂಡಿ ಒಂದು ಟೆಂಪೊ ಹಿಡದು
ದಿವೆ ಘಾಟ ಇಳದು ಸೀದಾ ಗುಲ್ಟೆಕಡಿಗೆ ಹೋದರು.
ಮರುವರ್ಷ ಅಂವ ಸರಪಂಚ. ಗುರುತು ಕಪ್-ಬಶಿ.
ಬಾವಿ ಗ್ವಾಡಿಗೆ ಸುಣ್ಣ ಹೊಡದು ನಾನ ಬರದೆ,
ಕಪ್ಪಿನ ಮ್ಯಾಲೆ ಮೂರು ಎಳಿ ಹೊಗಿ ಬಿಟ್ಟೆ.
"ಚಹಾ ಆರಬಾರದು ಮತ್ತ," ಅಂತ ಅವನ ಹೆಂಡತಿ ನಕ್ಕಳು.
ಮೊದಲ ಗ್ರಾಮಸಭಾದಾಗ ಮೈಕಿನ ಮುಂದ ನಿಂತು
ಏನೂ ಹೊಳೀದ, ಕಿಸೆದಾಗಿನ ಪಟ್ಟಿ ತಗದು
ಅವತ್ತಿನ ಅಂಜೂರದ ಧಾರಣಿ ಓದಿದನಂತ.
ಮಂದಿ ಚಪ್ಪಾಳಿ ಹೊಡದರು.

ಆಮ್ಯಾಲೆ ಬಾಜಾರ ಸಮಿತಿ, ಆಮ್ಯಾಲೆ ಜಿಲ್ಲಾ ಪರಿಷತ್ತು.
ಗೇಣಿನ ಅಕ್ಷರ ಮೊಳ ಆದವು, ಮೊಳದವು ಮಾರು.
ನನಗ ಏಣಿ ಬೇಕಾತು.
ಅವನಿಗೆ ಬಿಳಿ ಗಾಡಿ ಬೇಕಾತು, ಬಾಗಲಾ ತಗಿಯಾಕ ಇಬ್ಬರು ಹುಡುಗರು.
ಕೆಟ್ಟಾಂವ ಅಂತ ನಾ ಹೇಳೂದಿಲ್ಲ.
ಗುಡ್ಡದ ಮ್ಯಾಗಿನ ಧನಗರ ವಸ್ತಿಗೆ ನೀರು ಏರಸಿದ
ಎಂಟು ವರ್ಷ ಕಡತ ಹೊತ್ತು ತಿರಗಿ.
ಸತ್ತವರ ಮನಿಗೆ ಮೊದಲ ಹೋಗತಿದ್ದ, ಮದವಿಗೆ ಕಡೀಕ.
ಆದರ ಒಂದ ಸಲ ಕೈ ಕೊಟ್ಟಾಗ ನೋಡಿದೆ:
ಬೆರಳ ಸಂದಿ ಪೂರಾ ಮಾಗಿ, ಹೊಸ ತೊಗಲು,
ಬ್ಯಾಂಕಿನಾಗ ನೋಟು ಎಣಿಸಾವರ ಕೈಯಂಗ.

ರಸ್ತೆ ಬಂತು. ನಕಾಶಿ ಮ್ಯಾಲಿನ ಕೆಂಪು ಗೆರಿ
ಮೂವತ್ತು ಮಂದಿಯ ಅಂಜೂರದ ನಡು ಹಾದು
ಅವನ ತೋಟದ ಅಂಚಿಗೆ ಬಂದು ಹೊಳ್ಳಿತು.
ಅಂವ ಹೊಳ್ಳಿಸಿದ್ದೊ, ಅದು ತಾನ ಹೊಳ್ಳಿದ್ದೊ
ನನಗ ಗೊತ್ತಿಲ್ಲ. ಗೊತ್ತಿದ್ದಂಗ ಮಾತಾಡವರು ಭಾಳ ಮಂದಿ.
ಆ ಚುನಾವಣಿಗೆ ನನ್ನ ಕರೀಲಿಲ್ಲ. ಅಷ್ಟ್ರಾಗ ಫ್ಲೆಕ್ಸ್ ಬಂದಿತ್ತು,
ಕೈ ಮುಗದ ಅವನ ಫೋಟೋ, ಮೋಡದಾಗ ನಿಂತಂಗ.
ಝ ಕಂಪ್ಯೂಟರಿಂದು, ಒಂದೀಟೂ ಉಸರಿಲ್ಲ.
ನಾಕನೂರಾ ಹನ್ನೊಂದು ಓಟಿಗೆ ಸೋತ.
ಫ್ಲೆಕ್ಸನ್ನ ಧನಗರ ವಸ್ತಿಯವರು ಬಣಿವಿಗೆ ಹೊಚ್ಚಿದರು,
ಮುಖ ಒಳಗ ಮಾಡಿ.

ಮೊನ್ನೆ ಬಂದಿದ್ದ, ಎಸ್ಟಿ ಬಸ್ಸಿನಾಗ, ಆ ತಗಡಿನ ಅಚ್ಚು ಹಿಡಕೊಂಡು.
ತುಕ್ಕು ತಿಂದು ಝದ ಬಾಲ ಉದರಿತ್ತು.
ಹನ್ನೊಂದು ಗ್ವಾಡಿಯ ಹಳೀ ಬಾಕಿ
ನಾ ಕೇಳಲಿಲ್ಲ, ಅಂವ ಮರತಿರಲಿಲ್ಲ.
ಒಂದು ಪೆಟ್ಟಿಗಿ ಮುಂದಿಟ್ಟ.
ಅಂಜೂರ ನಾಳಿಗೆ ಉಳಿಯೂ ಹಣ್ಣಲ್ಲ,
ಅಲ್ಲೇ ಕುಂತು ಇಬ್ಬರೂ ತಿಂದಿವಿ.
ಅಂಗೈಯಾಗ ಬೊಬ್ಬಿ. "ರೂಢಿ ತಪ್ಪೇದ," ಅಂದ.

ಬಾವಿ ಗ್ವಾಡಿ ಇನ್ನೂ ಅದ.
ಹೆಸರಿನ ಮ್ಯಾಲೆ ಯಾರೋ ಸುಣ್ಣ ಬಳದಾರ, ಕಪ್-ಬಶಿ ಉಳದದ,
ಊರ ಹುಡುಗರಿಗೆ ಅದ ವಿಕೆಟ್ಟು.
ಚೆಂಡು ಕಪ್ಪಿಗೆ ಬಡೀತೊ, ಹೊಗಿಗೆ ಬಡೀತೊ ಅಂತ ಜಗಳ ಬಿದ್ದು
ಹಾದಿ ಹಿಡದು ಹೊಂಟ ಅವನ ನಿಂದರಿಸಿ ಕೇಳಿದರಂತ.
ಭಾಳ ಹೊತ್ತು ಗ್ವಾಡಿ ನೋಡಿ
"ಹೊಗಿಗೆ ಬಡದರ ಔಟಲ್ಲ," ಅಂದನಂತ.
ಅರ್ಧ ಹುಡುಗರು ಹೋ ಅಂದರು.
ಇನ್ನರ್ಧ ಈಗೂ
ಅವನ ಕೂಡ ಮಾತಾಡಂಗಿಲ್ಲಂತ.